ಹಗ್ಗಕ್ಕೆ ಕಡೆಯ ಕೈ

ನಾನು ಅಬ್ಲಾ. ಆನ್ಲೋಗಾದ ದಂಡೆಯಲ್ಲಿ
ಅಗ್ಬಾವೋರ್ ಅಜ್ಜನ ಬಲೆಗೆ ಲೆಕ್ಕ ಇಡುವವಳು.
ಹಗ್ಗ ಹಿಡಿದ ಕೈಗೊಂದು ಕವಡೆ.
ಇಪ್ಪತ್ತೆರಡು ವರ್ಷ ಮಡಿಲಲ್ಲಿ ಕವಡೆ ಎಣಿಸಿದ್ದೇನೆ,
ಒಂದೂ ತಪ್ಪಿಲ್ಲ.

ಆ ಶುಕ್ರವಾರ ಇನ್ನೂ ನಕ್ಷತ್ರವಿದ್ದಾಗಲೇ
ದೋಣಿ ಹೋಗಿ ಬಲೆಯನ್ನು ಅರ್ಧಚಂದ್ರ ಹಾಸಿ ಬಂತು.
ಎರಡು ಹಗ್ಗ, ಹಗ್ಗಕ್ಕೆ ಮೂವತ್ತು ಜನ.
ಗಂಟೆ ಬಡಿಯುವ ಹುಡುಗನ ತಾಳಕ್ಕೆ
ಹಿಂದಕ್ಕೊಂದು ಹೆಜ್ಜೆ, ಹಿಂದಕ್ಕೊಂದು ಹೆಜ್ಜೆ.
ಕಡಲು ನಾಲ್ಕು ಮೊಳ ಕೊಟ್ಟು ಮೂರು ಮೊಳ ಕಿತ್ತುಕೊಳ್ಳುತ್ತದೆ.
ಬಸುರಿ ಅಕು ಎಳೆದಳು,
ಅಂಗೈ ಸುಲಿದು ಉಪ್ಪು ಕಚ್ಚಿ
ಅತ್ತುಕೊಂಡೇ ಎಳೆದ ಶಾಲೆಯ ಹುಡುಗ ಸೆಲೊಮ್.

ಬಲೆಯ ಹೊಟ್ಟೆ ನೊರೆಯಲ್ಲಿ ಬೆಳ್ಳಗೆ ಮಿಡುಕುವಾಗ
ತೆಂಗಿನ ಸಾಲಿನಿಂದ ಇಳಿದು ಬಂದ ಯಾವೋ.
ಹೌದು, ಅವನೇ.
ಆರು ವರ್ಷದ ಹಿಂದೆ ರಾತ್ರೋರಾತ್ರಿ
ದೋಣಿಯ ಮೋಟಾರು ಬಿಚ್ಚಿ ಲೊಮೆಯಲ್ಲಿ ಮಾರಿದವನು.
ಆ ವರ್ಷವೆಲ್ಲ ಹುಟ್ಟು ಹಾಕಿ ಹಾಕಿ
ಅಜ್ಜನ ಎಡಭುಜ ಇಳಿಯಿತಲ್ಲ,
ಇಂದಿಗೂ ಅದು ಮೇಲೇರಿಲ್ಲ.

ಬಂದವನು ಹಗ್ಗದ ತುದಿಗೆ
ಎರಡು ಬೆರಳು ತಾಗಿಸಿದ.
ಎಳೆದ ಎನ್ನಲಾರೆ. ತಾಗಿಸಿದ.
ಅಷ್ಟರಲ್ಲಿ ಬಲೆ ಮರಳಿಗೆ ಬಂದಿತ್ತು.

ಅಜ್ಜ ಮೊದಲು ಕರೆದದ್ದು ಅವನನ್ನೇ.
ಪಾತ್ರೆ ಎಲ್ಲಿ ಎಂದ. ಅವನಲ್ಲಿ ಪಾತ್ರೆಯಿಲ್ಲ.
'ಅಬ್ಲಾ, ನಿನ್ನ ಬೋಗುಣಿ ಕೊಡು.'
ನನ್ನ ಬೋಗುಣಿ! ನೀಲಿ ಹೂವಿನದು, ತಳ ಬೆಸುಗೆಯದು.
ಇಳಿದ ಆ ಭುಜದಿಂದಲೇ ಮೊಗೆದು ಮೊಗೆದು
ಬೂತಾಯಿಯ ಮೇಲೆ ಬಂಗುಡೆ, ಬಂಗುಡೆಯ ಮೇಲೆ ಮತ್ತೆ ಬಂಗುಡೆ,
ಅಂಚು ಮೀರಿ ಮರಳಿಗೆ ಚೆಲ್ಲುವಷ್ಟು.

ನಾನು ಮಡಿಲ ಕವಡೆಯನ್ನೆಲ್ಲ ಅವನ ಕಾಲ ಬಳಿ ಸುರಿದೆ.
'ಇದಕ್ಕೇನು ಬೆಲೆ ಹೇಳು ಅಜ್ಜ.
ಅಕುವಿನ ಸೊಂಟಕ್ಕೆ, ಈ ಮಗುವಿನ ಅಂಗೈಗೆ ಏನು ಬೆಲೆ?'
ಅವರ ಪಾಲು ಅವರಿಗೆ ಪೂರ್ತಿ ಸಿಕ್ಕಿತ್ತು, ಸುಳ್ಳೇಕೆ,
ಒಂದು ಮೀನೂ ಕಡಿಮೆಯಿರಲಿಲ್ಲ.
ಉರಿದದ್ದು ಅದಕ್ಕಲ್ಲ.
ಅಜ್ಜ ಆಕಾಶ ನೋಡಿ,
'ಬಿಸಿಲೇರುತ್ತಿದೆ ಅಬ್ಲಾ,
ಮೀನು ಕೆಡುತ್ತದೆ' ಎಂದ. ಅಷ್ಟೆ.

ಭಾನುವಾರ ಇಗರ್ಜಿಯಲ್ಲಿ ಪಾದ್ರಿ ಆ ಪದ ಓದಿದರು,
ಅಮೆನುವೆವೆ. ನಮ್ಮ ಎವೆ ಮಾತಿನಲ್ಲಿ ಕೃಪೆ.
ಹುಟ್ಟಿದಾಗಿನಿಂದ ಕೇಳಿದ ಪದ,
ಬಾಯಲ್ಲಿ ಎಂದೋ ಸವೆದದ್ದು.
ಅವತ್ತು ಮಾತ್ರ ಮೀನು ನಾತ ಹೊಡೆಯಿತು.
ಶಿಲುಬೆ ನೋಡಿದೆ. ಅಲ್ಲೂ
ಎಡಭುಜ ಇಳಿದಿತ್ತು.

ಆಮೇಲೆ ನೆನಪಾದದ್ದು ಹೇಳಬೇಕಾದ್ದಲ್ಲ,
ಹೇಳುತ್ತೇನೆ.
ಕಡಲು ನಮ್ಮ ಮನೆ ನುಂಗಿದ ವರ್ಷ
ಜ್ವರದಲ್ಲಿ ಬಿದ್ದು ಹಗ್ಗ ಮುಟ್ಟಲಿಲ್ಲ ನಾನು.
ತಿಂಗಳ ಮೇಲೆ ಹತ್ತು ದಿನ
ಬಾಗಿಲಲ್ಲಿ ಬೆಳಗಾಗುವಷ್ಟರಲ್ಲಿ ಮೀನು.
ಯಾರು ಇಟ್ಟರು, ಕೇಳಲಿಲ್ಲ.
ವಿಧವೆಗೆ ಸಲ್ಲಬೇಕಾದ್ದೇ ಎಂದುಕೊಂಡು ಹುರಿದು ತಿಂದೆ.
ಆ ನಲವತ್ತಕ್ಕೆ
ಒಂದಾದರೂ ಕವಡೆ ಇಟ್ಟಿದ್ದೆನೇ?

ಸೋಮವಾರ ಯಾವೋ ಮತ್ತೆ ತಡ.
ಈ ಸಲ ನಿದ್ದೆಗಣ್ಣು, ತಲೆಯಲ್ಲಿ ಚಾಪೆಯ ನಾರು,
ಪಾತ್ರೆ ಮತ್ತೆ ಇಲ್ಲ. ನನ್ನದನ್ನು ತಿರುಗಿಯೂ ತಂದಿಲ್ಲ.
ಸೋಮಾರಿ, ಕಳ್ಳ, ನಿನ್ನ ಕೈಗೆ ಹುಳ ಬೀಳಲಿ ಎಂದು
ಬಾಯಿ ತುಂಬ ಬೈದೆ.
ಬೈಯುತ್ತಲೇ
ತಲೆಯ ಮೇಲಿನ ಹೊಸ ಬೋಗುಣಿ ಇಳಿಸಿ
ಕಾಲಿಂದ ಅವನತ್ತ ತಳ್ಳಿದೆ.
ಅಜ್ಜ ನೋಡಿದನೋ ಇಲ್ಲವೋ,
ಬಲೆಯಲ್ಲಿ ಬಗ್ಗಿದ್ದ.